ನಿಮಗಿದು ಗೊತ್ತೆ? ಗೋಡೆ ಸರಿದರೆ ಮಗು ಬೀಳುತ್ತದೆ!

ನೆಲ ಒಂದಿಷ್ಟೂ ಅಲುಗಿಲ್ಲ. ಯಾರೂ ಮುಟ್ಟಿಲ್ಲ, ತಳ್ಳಿಲ್ಲ. ಆದರೂ ನಿಂತಿದ್ದ ಮಗು ದೊಪ್ಪನೆ ಹಿಂದಕ್ಕೆ ಬಿತ್ತು. ಆದದ್ದಿಷ್ಟೇ: ಎದುರಿನ ಗೋಡೆ ಅದರತ್ತ ತುಸು ಸರಿದಿತ್ತು!

ಎಡಿನ್‌ಬರೊ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡೇವಿಡ್ ಲೀ ಸಹೋದ್ಯೋಗಿಯೊಂದಿಗೆ 1974ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಅದಕ್ಕೆ ಬಳಸಿದ್ದು ‘ತೂಗುವ ಕೋಣೆ’. ಅದಕ್ಕೆ ಗೋಡೆಗಳುಂಟು, ಚಾವಣಿಯುಂಟು, ತಳವಿಲ್ಲ. ಆಗಷ್ಟೇ ನಿಲ್ಲಲು ಕಲಿತ ಮಕ್ಕಳನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಸುತ್ತಲಿನ ಕೋಣೆಯನ್ನಷ್ಟೇ ಸರಿಸಿದರು. ಗೋಡೆ ಹತ್ತಿರ ಬಂದರೆ ಮಕ್ಕಳು ಹಿಂದಕ್ಕೆ ವಾಲಿದರು. ದೂರ ಹೋದರೆ ಮುಂದಕ್ಕೆ ಬಾಗಿದರು. ಕೆಲವರು ಬಿದ್ದೇಬಿಟ್ಟರು.

ಕಾರಣ ಸರಳ. ನಾವು ಮುಂದಕ್ಕೆ ವಾಲಿದಾಗ ಎದುರಿನ ವಸ್ತುಗಳು ಕಣ್ಣಿಗೆ ಹಿಗ್ಗುತ್ತಾ ಬಂದಂತೆ ಕಾಣುತ್ತವೆ. ಗೋಡೆ ಹತ್ತಿರ ಬಂದಾಗಲೂ ಕಾಣುವುದು ಹಾಗೆಯೇ. ‘ಮುಂದಕ್ಕೆ ಬೀಳುತ್ತಿದ್ದೇನೆ’ ಎಂದುಕೊಂಡ ಮಿದುಳು ಮೈಯನ್ನು ಹಿಂದಕ್ಕೆಳೆಯುತ್ತದೆ. ಒಳಗಿವಿ, ಸ್ನಾಯು, ಪಾದಗಳು ‘ಎಲ್ಲ ಸರಿಯಿದೆ’ ಎಂದರೂ ಕಣ್ಣಿನ ಮಾತೇ ಗೆಲ್ಲುತ್ತದೆ.

ದೊಡ್ಡವರೂ ಇದಕ್ಕೆ ಹೊರತಲ್ಲ. ಇಂಥ ಕೋಣೆಯಲ್ಲಿ ಅವರೂ ತೂಗಾಡಿದರು, ಬೀಳುವುದು ಮಾತ್ರ ಕಡಿಮೆ. ನಿಲ್ದಾಣದಲ್ಲಿ ಪಕ್ಕದ ರೈಲು ಹೊರಟಾಗ ನಮ್ಮ ರೈಲೇ ಚಲಿಸಿದಂತೆ ಅನಿಸುವುದೂ ಕಣ್ಣಿನದೇ ಕರಾಮತ್ತು.

ನಂಬಿಕೆ ಬರಲಿಲ್ಲವೆ? ಒಂಟಿ ಕಾಲಲ್ಲಿ ನಿಂತು ಕಣ್ಣು ಮುಚ್ಚಿ ನೋಡಿ. ಕೈಗೆಟಕುವಂತೆ ಗೋಡೆಯೊಂದು ಪಕ್ಕದಲ್ಲಿರಲಿ, ಸರಿಯದ ಗೋಡೆ!