ಗೃಹಬಳಕೆಗೆ ಪಿಒಇ ಸ್ವಿಚ್ ಖರೀದಿ: ಗ್ರಾಹಕರು ಗಮನಿಸಬೇಕಾದ ಅಂಶಗಳು

ಒಂದೇ ಈಥರ್ನೆಟ್ ಕೇಬಲ್ ಮೂಲಕ ದತ್ತಾಂಶವನ್ನೂ ವಿದ್ಯುತ್ತನ್ನೂ ಒದಗಿಸುವ ವ್ಯವಸ್ಥೆಯನ್ನು ಪವರ್ ಓವರ್ ಈಥರ್ನೆಟ್, ಸಂಕ್ಷಿಪ್ತವಾಗಿ ಪಿಒಇ, ಎಂದು ಕರೆಯಲಾಗುತ್ತದೆ. ಇದರಿಂದ ಮನೆಯ ಸಿಸಿಟಿವಿ ಕ್ಯಾಮೆರಾ ಹಾಗೂ ವೈಫೈ ಸಾಧನಗಳಿಗೆ ಪ್ರತ್ಯೇಕ ವಿದ್ಯುತ್ ತಂತಿ ಎಳೆಯುವ ವೆಚ್ಚ ಉಳಿಯುತ್ತದೆ. ಖರೀದಿಗೆ ಮುನ್ನ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸತಕ್ಕದ್ದು.

1. ಮಾನಕ: 2003ರ 802.3ಎಎಫ್ ಮಾನಕದಂತೆ ಪ್ರತಿ ಪೋರ್ಟಿಗೆ ಗರಿಷ್ಠ 15.4 ವ್ಯಾಟ್, 2009ರ 802.3ಎಟಿ ಮಾನಕದಂತೆ 30 ವ್ಯಾಟ್ ದೊರೆಯುತ್ತದೆ. ಸಾಮಾನ್ಯ ಸ್ಥಿರ ಕ್ಯಾಮೆರಾಗಳಿಗೆ ಮೊದಲನೆಯದೇ ಸಾಕು.

2. ಪೋರ್ಟುಗಳು: 8 ಪೋರ್ಟುಗಳ ಕೆಲವು ಸ್ವಿಚ್ಚುಗಳಲ್ಲಿ 4 ಮಾತ್ರ ವಿದ್ಯುತ್ ಒದಗಿಸುತ್ತವೆ.

3. ಒಟ್ಟು ಸಾಮರ್ಥ್ಯ: ಇದು ಅತಿ ಮುಖ್ಯವಾದುದು. ಉದಾಹರಣೆಗೆ, ತಲಾ 7 ವ್ಯಾಟ್‌ನ 4 ಕ್ಯಾಮೆರಾಗಳಿಗೆ 28 ವ್ಯಾಟ್, ವೈಫೈ ಸಾಧನಕ್ಕೆ 12 ವ್ಯಾಟ್, ಒಟ್ಟು 40 ವ್ಯಾಟ್. ಕಾಲುಭಾಗ ಹೆಚ್ಚುವರಿ ಸೇರಿಸಿದರೆ 50 ವ್ಯಾಟ್. ಆದ್ದರಿಂದ 60 ವ್ಯಾಟ್‌ನ ಸ್ವಿಚ್ ಸಾಕು. 120 ವ್ಯಾಟ್‌ನದು ಅನಗತ್ಯ ವೆಚ್ಚ. ಲೆಕ್ಕಕ್ಕೆ ಕ್ಯಾಮೆರಾದ ಗರಿಷ್ಠ ಬಳಕೆಯನ್ನೇ ಹಿಡಿಯತಕ್ಕದ್ದು. ರಾತ್ರಿ ಇನ್‌ಫ್ರಾರೆಡ್ ದೀಪಗಳು ಉರಿಯುವಾಗ ಬಳಕೆ ಏರುತ್ತದೆ. ಸಾಮರ್ಥ್ಯ ಸಾಲದಿದ್ದರೆ, ಕಾವಲು ಅಗತ್ಯವಿರುವ ವೇಳೆಯಲ್ಲಿಯೇ ಕ್ಯಾಮೆರಾ ಸ್ಥಗಿತಗೊಳ್ಳಬಹುದು.

4. ಪ್ಯಾಸಿವ್ ಪಿಒಇ: ಇಂತಹ ಅಗ್ಗದ ಸ್ವಿಚ್ಚುಗಳು ಸಾಧನವನ್ನು ಗುರುತಿಸದೆಯೇ ವಿದ್ಯುತ್ ಹರಿಸುವುದರಿಂದ, ಹೊಂದಿಕೆಯಾಗದ ಸಾಧನಗಳು ಸುಟ್ಟುಹೋಗುವ ಸಂಭವವಿರುತ್ತದೆ.

5. ಕೇಬಲ್: ಶುದ್ಧ ತಾಮ್ರದ್ದಾಗಿರಬೇಕು, ಉದ್ದ 100 ಮೀಟರ್ ಮೀರಬಾರದು. ತಾಮ್ರ ಲೇಪಿತ ಅಲ್ಯೂಮಿನಿಯಂ ಕೇಬಲ್ ಸೂಕ್ತವಲ್ಲ.

ಸಾಮಾನ್ಯ ಗೃಹಬಳಕೆಗೆ ಫ್ಯಾನ್ ರಹಿತ, ಅನ್‌ಮ್ಯಾನೇಜ್ಡ್ ಮಾದರಿ ಸಾಕಾಗುತ್ತದೆ. ಗ್ರಾಹಕರು ಖರೀದಿಯ ರಸೀದಿ ಹಾಗೂ ವಾರಂಟಿ ಪತ್ರವನ್ನು ತಪ್ಪದೇ ಪಡೆದು ಕಾಯ್ದಿರಿಸಿಕೊಳ್ಳುವುದು.