ಕಂಟ್ರಾಕ್ಟರನ ಬಿಲ್ಲು, ಆಡಿಟರ ಶುಲ್ಕ

ಸಿಂಧನೂರಿನಿಂದ ಮಸ್ಕಿಯನ್ನು ಹಾಯ್ದು ಲಿಂಗಸುಗೂರಿಗೆ ಹೋಗುವ ಪ್ರಯಾಣಿಕನಿಗೆ ಮೊದಲು ಕಾಣುವುದು ಭತ್ತದ ಗದ್ದೆಗಳು. ಮುಂದೆ ಸಾಗಿದಂತೆ ಎರೆಯ ಹೊಲಗಳು. ಎರಡರ ನಡುವೆಯೂ ಬಿಡದೆ ಕಾಣುವುವು ಜಲ್ಲಿಯ ರಾಶಿ, ಮರಳಿನ ಗುಡ್ಡೆ, ಅರ್ಧ ಎದ್ದ ಗೋಡೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಈ ಸೀಮೆಯಲ್ಲಿ ಒಕ್ಕಲುತನದ ಜೊತೆಗೆ ಗುತ್ತಿಗೆಯ ಕಸುಬೂ ಬೇರೂರಿತು. ಕಾಲುವೆಯ ಹೂಳೆತ್ತುವುದು, ಸಿಡಿಗಾಲುವೆಗೆ ಸಿಮೆಂಟು ಹಾಕುವುದು, ಶಾಲೆಗೊಂದು ಕೋಣೆ, ಹಳ್ಳಕ್ಕೊಂದು ಸೇತುವೆ, ವ್ಯಾಪಾರಿಗೊಂದು ಗೋದಾಮು: ಇಂಥ ಕೆಲಸಗಳನ್ನು ಹಿಡಿದು ಹತ್ತಿಪ್ಪತ್ತು ಆಳುಗಳಿಗೆ ಕೂಲಿ ಕೊಡುತ್ತ ತಾನೂ ಬದುಕುವ ಸಣ್ಣ ಗುತ್ತಿಗೆದಾರನೇ ಈ ಕಸುಬಿನ ಬೆನ್ನೆಲುಬು.

ಇವನಿಗೆ ಗಾರೆಯ ಹದ ಗೊತ್ತು, ಕಬ್ಬಿಣದ ಧಾರಣೆ ಗೊತ್ತು. ಗೊತ್ತಿಲ್ಲದಿರುವುದು ಬಿಲ್ಲಿನ ಕೆಳಗಿನ ನಾಲ್ಕಾರು ಸಾಲುಗಳು ಮಾತ್ರ. ಸರಕಾರದ ಕೆಲಸದ ಹಣ ಕೈಗೆ ಬರುವ ಮೊದಲೇ ಆದಾಯ ತೆರಿಗೆಯೆಂದು ಶೇಕಡಾ 1 ಕಡಿತವಾಗುತ್ತದೆ. ಒಪ್ಪಂದದ ಮೊತ್ತ ಎರಡೂವರೆ ಲಕ್ಷಕ್ಕೆ ಮೀರಿದ್ದರೆ ಜಿಎಸ್‌ಟಿಯ ಹೆಸರಿನಲ್ಲಿ ಶೇಕಡಾ 2, ಕಟ್ಟಡ ಕಾರ್ಮಿಕರ ಕಲ್ಯಾಣದ ಸೆಸ್ಸು ಶೇಕಡಾ 1, ಅದರ ಮೇಲೆ ಠೇವಣಿ. ಇಷ್ಟೆಲ್ಲ ಕಳೆದು ಬಂದ ಹಣವನ್ನು ಎಣಿಸಿಕೊಂಡು ಅವನು, ‘ತೆರಿಗೆ ಮುರಿದುಕೊಂಡೇ ಕೊಟ್ಟಿದ್ದಾರೆ, ಇನ್ನು ಸರಕಾರಕ್ಕೂ ನನಗೂ ಏನು ಸಂಬಂಧ?’ ಎಂದು ನಿಶ್ಚಿಂತನಾಗಿಬಿಡುತ್ತಾನೆ.

ನಷ್ಟ ಆರಂಭವಾಗುವುದು ಈ ನಿಶ್ಚಿಂತೆಯಿಂದಲೇ. ಸೆಸ್ಸು ಹೋದದ್ದು ಹೋಯಿತು. ಅದು ಕಾರ್ಮಿಕರ ನಿಧಿಗೆ ಸಲ್ಲತಕ್ಕದ್ದು. ಆದರೆ ಆ ಶೇಕಡಾ 1 ತೆರಿಗೆಯಲ್ಲ, ತೆರಿಗೆಯ ಮುಂಗಡ. ವರ್ಷದ ಕೊನೆಗೆ ಲೆಕ್ಕ ಒಪ್ಪಿಸಿದವನಿಗೆ ಮಾತ್ರ ಅದು ಜಮೆಯಾಗುತ್ತದೆ. ಒಬ್ಬನು ವರ್ಷದಲ್ಲಿ ಜಿಎಸ್‌ಟಿ ಬಿಟ್ಟು 40 ಲಕ್ಷ ರೂಪಾಯಿಯ ಕೆಲಸ ಮಾಡಿದನೆನ್ನೋಣ. ಮುರಿದುಕೊಂಡದ್ದು 40 ಸಾವಿರ. ಅವನಿಗೆ ಬೇರೆ ಆದಾಯವಿಲ್ಲದಿದ್ದರೆ, ಮುಂದೆ ಹೇಳುವ ಸರಳ ಪದ್ಧತಿಯಂತೆ ಅವನು ಕೊಡಬೇಕಾದ ತೆರಿಗೆ ಶೂನ್ಯ. ಆ 40 ಸಾವಿರ ಅವನದೇ ಹಣ. ಕಾಲಮಿತಿಯೊಳಗೆ ರಿಟರ್ನು ಸಲ್ಲಿಸಿದರೆ ಬ್ಯಾಂಕಿನ ಖಾತೆಗೆ ಮರಳಿ ಬರುತ್ತದೆ. ಸಲ್ಲಿಸದಿದ್ದರೆ ಬೊಕ್ಕಸದಲ್ಲಿಯೇ ಉಳಿಯುತ್ತದೆ. ಅವಧಿ ಮೀರಿದ ಮೇಲೆ ಸಲ್ಲಿಸುವ ‘ನವೀಕರಿಸಿದ ರಿಟರ್ನಿ’ನಲ್ಲಿ ಬಾಕಿ ಕಟ್ಟಲು ದಾರಿಯುಂಟು, ಮರುಪಾವತಿ ಕೇಳಲು ದಾರಿಯಿಲ್ಲ. ಇನ್ನು ಪ್ಯಾನ್ ಸಂಖ್ಯೆಯನ್ನೇ ಕೊಡದವನ ಬಿಲ್ಲಿನಲ್ಲಿ ಮುರಿಯುವುದು ಶೇಕಡಾ 1 ಅಲ್ಲ, 20.

ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿದ್ದಿತು; ಭಾರತದ ಆದಾಯ ತೆರಿಗೆ ಕಾಯಿದೆ ಇಲ್ಲಿಗೆ ಅನ್ವಯವಾದದ್ದು 1950ರ ಏಪ್ರಿಲ್ 1ರಿಂದ. ಅನಂತರ ಬಹುಕಾಲ ಸಣ್ಣ ಗುತ್ತಿಗೆದಾರನೂ ದೊಡ್ಡ ಕಂಪನಿಯೂ ಒಂದೇ ಬಗೆಯ ಲೆಕ್ಕ ಒಪ್ಪಿಸಬೇಕಾಗಿತ್ತು. ಸಂತೆಯ ದಿನ ಕೈಯಿಂದ ಕೈಗೆ ಕೊಟ್ಟ ಕೂಲಿಗೆ ರಸೀದಿ ಎಲ್ಲಿಂದ ತರಬೇಕು? ಈ ತೊಡಕನ್ನು ಕಂಡೇ 1994ರಲ್ಲಿ 44ಎಡಿ ಎಂಬ ಕಲಮನ್ನು ಸೇರಿಸಲಾಯಿತು. ಅದು ಹುಟ್ಟಿದ್ದೇ ಕಟ್ಟಡ ಗುತ್ತಿಗೆದಾರರಿಗಾಗಿ: ವಹಿವಾಟು 40 ಲಕ್ಷದೊಳಗಿದ್ದವನ ಲಾಭ ಶೇಕಡಾ 8 ಎಂದು ಹಿಡಿದು, ಪುಸ್ತಕಗಳನ್ನು ಕೇಳದೆ ಬಿಡುವ ಏರ್ಪಾಡು. ಮುಂದೆ ಅದು ಇತರ ಸಣ್ಣ ಕಸುಬುಗಳಿಗೂ ವಿಸ್ತರಿಸಿತು. ಈಗ ಮಿತಿ 2 ಕೋಟಿ. ನಗದು ಜಮೆ ಶೇಕಡಾ 5ನ್ನು ಮೀರದಿದ್ದರೆ 3 ಕೋಟಿ. ಚೆಕ್ಕು ಅಥವಾ ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಶೇಕಡಾ 6 ಲಾಭ ತೋರಿಸಿದರೆ ಸಾಕು. ಮೇಲಿನ 40 ಲಕ್ಷಕ್ಕೆ ಅದು 2 ಲಕ್ಷ 40 ಸಾವಿರ. 2025ರ ಹೊಸ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದು ಕಲಮುಗಳ ಅಂಕಿಗಳು ಬದಲಾದರೂ ಈ ಏರ್ಪಾಡು ಉಳಿದುಕೊಂಡಿದೆ.

ಮಸ್ಕಿಯ ಹೆಸರೆತ್ತಿದಾಗ ಅಶೋಕನು ನೆನಪಾಗದಿರುವುದಿಲ್ಲ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಇಲ್ಲಿಯ ಬಂಡೆಯ ಮೇಲೆ ಕಂಡ ಶಾಸನದಲ್ಲಿ ಆ ದೊರೆಯ ಹೆಸರೇ ಇದ್ದಿತು. ಅವನದೇ ಲುಂಬಿನಿಯ ಸ್ತಂಭದಲ್ಲಿ ಆ ಊರಿನ ಕಂದಾಯವನ್ನು ಎಂಟನೆಯ ಒಂದು ಪಾಲಿಗೆ ಇಳಿಸಿದ ಸಂಗತಿಯುಂಟು. ಅದು ಬೆಳೆಯ ಪಾಲು, ಇದು ಲಾಭದ ಅಂದಾಜು. ಎರಡಕ್ಕೂ ನಂಟು ಕಲ್ಪಿಸಬೇಕಾಗಿಲ್ಲ. ಆದರೂ ಎಂಟೆಂಬ ಅಂಕಿ ತೆರಿಗೆಯವರಿಗೆ ಹಳೆಯ ಪರಿಚಯದ್ದೇ ಸರಿ.

ಹಾಗಾದರೆ ಆಡಿಟರ ಬಳಿಗೆ ಹೋಗಬೇಕೆ? ಸರಳ ಪದ್ಧತಿಯಲ್ಲಿರುವವನ ಕೆಲಸ ಒಂದು ರಿಟರ್ನು ತುಂಬಿಸುವಷ್ಟೇ. ಅದಕ್ಕೆ ತೆರಿಗೆ ಸಲಹೆಗಾರನಾದರೂ ಆದೀತು. ನಷ್ಟವಾಯಿತೆಂದು ಶೇಕಡಾ 6ಕ್ಕಿಂತ ಕಡಿಮೆ ತೋರಿಸಹೊರಟರೆ ಮಾತು ಬೇರೆ. ಒಮ್ಮೆ ಈ ಪದ್ಧತಿಯಿಂದ ಹೊರಬಿದ್ದವನಿಗೆ ಐದು ವರ್ಷ ಮರುಪ್ರವೇಶವಿಲ್ಲ. ಆದಾಯ ತೆರಿಗೆಯ ಮಿತಿಯನ್ನು ದಾಟಿದ್ದರೆ ಪುಸ್ತಕವೂ ಬೇಕು, ಚಾರ್ಟರ್ಡ್ ಅಕೌಂಟೆಂಟರ ಪರಿಶೋಧನೆಯೂ ಬೇಕು. ದೊಡ್ಡ ಟೆಂಡರುಗಳಲ್ಲಿ ಹಿಂದಿನ ವರ್ಷಗಳ ವಹಿವಾಟಿಗೆ ಅವರ ಪ್ರಮಾಣಪತ್ರ ಕೇಳುವುದುಂಟು.

ಶುಲ್ಕಕ್ಕೆ ಕಾನೂನು ಕಟ್ಟಿದ ದರವಿಲ್ಲ. ಮೊದಲೇ ಮಾತಾಡಿ ರಸೀದಿ ಪಡೆಯುವುದು ಜಾಣತನ. ‘ಮರುಪಾವತಿಯಲ್ಲಿ ನೂರಕ್ಕೆ ಇಷ್ಟು ನನಗೆ’ ಎನ್ನುವವನಿದ್ದರೆ ಎಚ್ಚರಿಕೆ ಬೇಕು. ಫಲಿತಾಂಶವನ್ನು ನೋಡಿ ಶುಲ್ಕ ಗೊತ್ತುಮಾಡುವುದು 1949ರ ಕಾಯಿದೆಯಂತೆ ಚಾರ್ಟರ್ಡ್ ಅಕೌಂಟೆಂಟರಿಗೆ ಸಾಮಾನ್ಯವಾಗಿ ನಿಷಿದ್ಧ, ಅದು ವೃತ್ತಿದೋಷ. ಪುಸ್ತಕವಿಟ್ಟು ಲೆಕ್ಕ ಒಪ್ಪಿಸುವವನು ಈ ಶುಲ್ಕವನ್ನು ಕಸುಬಿನ ಖರ್ಚೆಂದು ಕಳೆಯಬಹುದು. ಸರಳ ಪದ್ಧತಿಯವನಿಗೆ ಬೇರೆಯಾಗಿ ಕಳೆಯಲು ಬರುವುದಿಲ್ಲ. ಬಿಟ್ಟುಕೊಟ್ಟ 94 ಪಾಲಿನಲ್ಲಿ ಅದೂ ಅಡಗಿದೆಯೆಂದೇ ಕಾನೂನಿನ ಭಾವನೆ.

ಟಿಪ್ಪರು, ಲಾರಿ ಇಟ್ಟವರ ಲೆಕ್ಕ ಬೇರೆ. ಹತ್ತು ವಾಹನಗಳೊಳಗಿದ್ದರೆ ಲಘು ವಾಹನಕ್ಕೆ ತಿಂಗಳಿಗೆ 7,500 ರೂಪಾಯಿ, 12 ಟನ್ನಿಗೆ ಮೀರಿದ ಭಾರಿ ವಾಹನಕ್ಕೆ ಟನ್ನಿಗೆ 1,000 ರೂಪಾಯಿಯಂತೆ ಆದಾಯ ಹಿಡಿಯಬಹುದು. ಗದ್ದೆಯೂ ಇರುವ ಗುತ್ತಿಗೆದಾರರು ಈ ಕಡೆ ಬಹಳ. ಭತ್ತದ ಆದಾಯಕ್ಕೆ ತೆರಿಗೆಯಿಲ್ಲವೆಂಬುದು ನಿಜ. ಆದರೆ ರಿಟರ್ನಿನಲ್ಲಿ ಅದನ್ನು ತೋರಿಸಲೇಬೇಕು, ಗುತ್ತಿಗೆಯ ಲಾಭವನ್ನು ಗದ್ದೆಯ ಲೆಕ್ಕಕ್ಕೆ ಸರಿಸಲಂತೂ ಬಾರದು.

ಎಲ್ಲಕ್ಕಿಂತ ಕಷ್ಟದ ಪ್ರಕರಣ ಲೈಸೆನ್ಸು ಒಬ್ಬನದು, ಕೆಲಸ ಇನ್ನೊಬ್ಬನದು ಆಗಿರುವುದು. ಬಿಲ್ಲು ಲೈಸೆನ್ಸಿನವನ ಹೆಸರಿಗೆ ಬರುತ್ತದೆ. ಮುರಿದ ತೆರಿಗೆಯೂ ಅವನ ಪ್ಯಾನಿಗೇ ಸೇರುತ್ತದೆ. ಹೆಸರು ಕೊಟ್ಟದ್ದಕ್ಕೆ ಅವನಿಗೆ ಸಿಕ್ಕಿದ್ದು ಅಲ್ಪ ಮೊತ್ತವಾದರೂ ಇಲಾಖೆಯ ಕಣ್ಣಿಗೆ ಪೂರ್ತಿ ವಹಿವಾಟು ಅವನದೇ. ಬಿಸಿಲಲ್ಲಿ ನಿಂತು ಕೆಲಸ ಮುಗಿಸಿದ ಮೇಸ್ತ್ರಿಯ ಹೆಸರಿನಲ್ಲಿ ಒಂದು ಕಾಸಿನ ಜಮೆಯೂ ಇರುವುದಿಲ್ಲ. ಕಾಂಕ್ರೀಟು ಕಲಸುವ ಯಂತ್ರಕ್ಕೆ ಸಾಲ ಬೇಕೆಂದು ಅವನು ಬ್ಯಾಂಕಿಗೆ ಹೋದಾಗ, ಹಿಂದಿನ ವರ್ಷಗಳ ರಿಟರ್ನು ತೋರಿಸೆಂದರೆ ತೋರಿಸಲು ಅವನಲ್ಲಿ ಕಾಗದವಿರುವುದಿಲ್ಲ. ಇರುವುದು ಅವನೇ ಕಟ್ಟಿದ ಸೇತುವೆ ಮಾತ್ರ.