ತಡವಾಗಿ ಕೊಯ್ದ ದ್ರಾಕ್ಷಿ, ರಾಯಚೂರಿನ ಮಿರ್ಚಿ

ಪೋರ್ಚುಗೀಸರು ರಾಯಚೂರಿಗೆ ಬಂದದ್ದು ಬಂದೂಕು ಹಿಡಿದು. 1520ರಲ್ಲಿ ಕೃಷ್ಣದೇವರಾಯ ಇಲ್ಲಿನ ಕೋಟೆಗೆ ಮುತ್ತಿಗೆ ಹಾಕಿದ್ದಾಗ, ಕುದುರೆ ಮಾರಲು ವಿಜಯನಗರಕ್ಕೆ ಬಂದಿದ್ದ ಕ್ರಿಸ್ತೊವಾವ್ ದ ಫಿಗೆರೆದು ಇಪ್ಪತ್ತು ಬಂದೂಕಿನವರೊಂದಿಗೆ ಬಂದು ಕೂಡಿಕೊಂಡ. ಗೋಡೆಯ ಮೇಲೆ ತಲೆ ಎತ್ತಿದವರನ್ನು ಇವರು ಹೊಡೆದುರುಳಿಸಿದ್ದರಿಂದ ಕೆಳಗೆ ಕಲ್ಲು ಕೀಳುವವರ ಕೆಲಸ ಹಗುರಾಯಿತೆಂದು ಫೆರ್ನಾವ್ ನೂನಿಸ್ ಬರೆದಿಟ್ಟಿದ್ದಾನೆ. ಅವನೂ ಕುದುರೆ ವ್ಯಾಪಾರಿಯೇ.

ಅವರ ನಾಡಿನ ಸಿಹಿ ವೈನಿಗೂ ನಮ್ಮ ಕಡೆಯ ಕೋಟೆಯೊಂದಕ್ಕೂ ನಂಟು ಬೆಳೆದದ್ದು ಆಮೇಲೆ. 1746ರಲ್ಲಿ ಗೋವೆಯ ವೈಸ್‌ರಾಯ್ ಪೆದ್ರು ದ ಅಲ್ಮೇಡಾ ಸಾವಂತವಾಡಿಯ ಭೋಂಸಲೆಗಳಿಂದ ಅಲೋರ್ಣಾ ಕೋಟೆ ಕಿತ್ತುಕೊಂಡ. ಆ ಊರಿನ ಹೆಸರೇ ಅವನ ಬಿರುದಾಯಿತು; ಪೋರ್ಚುಗಲ್ಲಿನ ತೇಜು ನದಿಯ ಬಯಲಲ್ಲಿದ್ದ ಅವನ ತೋಟಕ್ಕೂ ಅದೇ ಹೆಸರು ಬಂತು. ಕಿಂಟಾ ದ ಅಲೋರ್ಣಾ ಎಂಬ ಆ ತೋಟ ಇಂದಿಗೂ ವೈನ್ ಮಾಡುತ್ತದೆ. ಅಲ್ಲಿನ ವೈನ್‌ಗಳಲ್ಲೊಂದು, ಫೆರ್ನಾವ್ ಪಿರಿಶ್ ಎಂಬ ಬಿಳಿ ದ್ರಾಕ್ಷಿಯನ್ನು ತಡವಾಗಿ ಕೊಯ್ದು ಮಾಡಿದ ಸಿಹಿ ವೈನ್.

ತಡ ಮಾಡಿದರೆ ಆಗುವುದೇನು? ಹಣ್ಣು ಬಳ್ಳಿಯಲ್ಲೇ ಉಳಿದಷ್ಟೂ ನೀರು ಆರಿ, ಸಕ್ಕರೆ ಗಟ್ಟಿಯಾಗುತ್ತದೆ. ಉತ್ತರದ ದೌರು ಕಣಿವೆಯ ಮೇಲಿನ ಅಲಿಜೊ ಪ್ರದೇಶದಲ್ಲಿ ಬೆಳಗಿನ ಮಂಜು, ಮಧ್ಯಾಹ್ನದ ಬಿಸಿಲು ಎರಡೂ ಕೂಡಿ ಬಂದಾಗ ಬಾಟ್ರೈಟಿಸ್ ಎಂಬ ಬೂಷ್ಟು ಸೆಮಿಯೋನ್ ದ್ರಾಕ್ಷಿಯ ಸಿಪ್ಪೆಯನ್ನು ತೂತು ಮಾಡಿ ನೀರು ಹೀರುತ್ತದೆ. ಹೀಗೆ ಸುಕ್ಕಿದ ಹಣ್ಣಿನಿಂದ, 1756ರಲ್ಲಿ ಹುಟ್ಟಿದ ರಿಯಾಲ್ ಕಂಪನ್ಯಿಯಾ ವೆಲ್ಯಾ ಸಂಸ್ಥೆ ಗ್ರಾಂಜೋ ಎಂಬ ವೈನ್ ತಯಾರಿಸುತ್ತದೆ. ಅದೇ ಬೂಷ್ಟು ಮಳೆಯಲ್ಲಿ ತೊಯ್ದ ಗೊನೆಗೆ ಹತ್ತಿದರೆ ಮಾತ್ರ ಬೆಳೆ ಹಾಳು.

ಒಂದು ಲೆಕ್ಕ ನೋಡಿ. ಲೀಟರ್ ರಸದಲ್ಲಿರುವ ಸುಮಾರು 17 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದರೆ ಶೇ 1ರಷ್ಟು ಮದ್ಯಸಾರ ಹುಟ್ಟುತ್ತದೆ. ರಸದಲ್ಲಿ 320 ಗ್ರಾಂ ಸಕ್ಕರೆಯಿದ್ದು, ಶೇ 12ಕ್ಕೆ ಹುದುಗು ನಿಂತರೆ ಸುಮಾರು 115 ಗ್ರಾಂ ಸಿಹಿ ಹಾಗೇ ಉಳಿಯಿತು. 2004ರ ನಿಷೇಧಕ್ಕೆ ಮೊದಲು ಸೇಂದಿ ಕಂಡ ರಾಯಚೂರಿನ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಬೆಳಗ್ಗೆ ಮರದಿಂದಿಳಿದಾಗ ಸಿಹಿ, ಹೊತ್ತೇರಿದಂತೆ ಹುಳಿ. ಅಲ್ಲಿ ಹುದುಗಿಗೆ ತಡೆಯಿಲ್ಲ. ವೈನಿನಲ್ಲಾದರೆ ಅದನ್ನು ತಂಪು ಮಾಡಿ, ಸೋಸಿ ನಿಲ್ಲಿಸುತ್ತಾರೆ.

ಹಾಗಾದರೆ ಕೃಷ್ಣೆಯ ಮಗ್ಗುಲಿನ ದೇವದುರ್ಗದಲ್ಲೋ ತುಂಗಭದ್ರೆಯ ಮಗ್ಗುಲಿನ ಮಾನ್ವಿಯಲ್ಲೋ ಇಂಥದ್ದು ಆದೀತೆ? ಉತ್ತರ ಕರ್ನಾಟಕದ ದ್ರಾಕ್ಷಿಗೆ ಏಪ್ರಿಲ್ ಹೊತ್ತಿಗೊಮ್ಮೆ, ಅಕ್ಟೋಬರ್ ಹೊತ್ತಿಗೊಮ್ಮೆ ಚಾಟನಿ. ಹಣ್ಣು ಮಾಗುವುದು ಫೆಬ್ರುವರಿ, ಮಾರ್ಚಿನಲ್ಲಿ. ಆಗ ಮಂಜೆಲ್ಲಿ? ಬಿಸಿಲೊಂದೇ. ಸುಕ್ಕಿಸುವುದು ಸುಲಭ, ವಿಜಯಪುರದ ಒಣದ್ರಾಕ್ಷಿಯ ಶೆಡ್ಡುಗಳೇ ಸಾಕ್ಷಿ. ಕಷ್ಟವಿರುವುದು ಹುಳಿಯಲ್ಲಿ. ಸೆಕೆಗೆ ಹಣ್ಣಿನ ಮ್ಯಾಲಿಕ್ ಆಮ್ಲ ಕರಗಿಹೋಗುತ್ತದೆ; ಹುಳಿಯಿಲ್ಲದ ಸಿಹಿ ವೈನ್ ಬರೀ ಪಾಕ. ನೆರೆಯ ಕೊಪ್ಪಳ ಜಿಲ್ಲೆಯಲ್ಲಿ ಕೃಷ್ಮಾ ಎಸ್ಟೇಟ್ಸ್ ವೈನ್ ದ್ರಾಕ್ಷಿ ಬೆಳೆಯುತ್ತಿದೆ, ಆದರೆ ಅದರ ಹೆಸರಿರುವುದು ಕ್ಯಾಬರ್ನೆ ಸುವಿನ್ಯೋನ್‌ನಂಥ ಕೆಂಪು ವೈನಿಗೆ.

ಇನ್ನು ಊಟದ ಮಾತು. ಸಿಹಿ ವೈನ್ ಎಂದಕೂಡಲೇ ಹೋಳಿಗೆ ನೆನಪಾಗುವುದು ಸಹಜ, ಆದರೆ ನನ್ನ ಮಟ್ಟಿಗೆ ಅದು ತಪ್ಪು ಜೋಡಿ. ತಿನಿಸು ವೈನಿಗಿಂತ ಸಿಹಿಯಾದರೆ ವೈನ್ ಸಪ್ಪೆ, ಹುಳಿ ಎನಿಸುತ್ತದೆ. ಬೆಲ್ಲದ ಹೂರಣದೆದುರು ಅದು ಉಳಿಯದು. ಹೋಳಿಗೆಗೆ ತುಪ್ಪವಿದೆ, ಸೀಕರಣೆಯಿದೆ, ಸಾಕು.

ಯುರೋಪಿನವರು ಈ ವೈನನ್ನು ನೀಲಿ ಬೂಷ್ಟಿನ ಉಪ್ಪು ಚೀಸಿನೊಂದಿಗೆ, ಬಾತಿನ ಕೊಬ್ಬಿದ ಯಕೃತ್ತಿನೊಂದಿಗೆ ಕೊಡುತ್ತಾರೆ. ಸಿಹಿಗೆ ಉಪ್ಪೂ ಜಿಡ್ಡೂ ಎದುರು ನಿಲ್ಲಬೇಕು. ರಾಯಚೂರಿನಲ್ಲಿ ಅದಕ್ಕೆ ಪರದಾಡಬೇಕಿಲ್ಲ: ತುಪ್ಪದಲ್ಲಿ ಮೆಣಸು ಹಾಕಿ ಹುರಿದ ಕಲೇಜಿ, ಉಪ್ಪು ಹಚ್ಚಿ ಹುರಿದ ಶೇಂಗಾ. ಮಂಡಾಳ ಒಗ್ಗರಣಿಯ ಜೊತೆಗಿನ ಮಿರ್ಚಿಯೂ ಆಗುತ್ತದೆ. ಸಿಹಿ ಖಾರವನ್ನು ತಣಿಸುತ್ತದೆ. ಆದರೆ ಮದ್ಯಸಾರ ಹೆಚ್ಚಿದಷ್ಟೂ ನಾಲಿಗೆಯ ಉರಿಯೂ ಹೆಚ್ಚು, ಆದ್ದರಿಂದ ಶೇ 11–12ರ ಬಾಟಲಿಯೇ ಲೇಸು, ಮಿರ್ಚಿಯೂ ತುಂಬಾ ಖಾರದ್ದಾಗಿರಬಾರದು.

ಸಿಹಿ ತಿನಿಸೇ ಬೇಕೆಂದರೆ ನಿಜಾಮರ ಕಾಲದ ಬಳುವಳಿಯೊಂದಿದೆ, ಖುಬಾನಿ ಕಾ ಮೀಠಾ. ಬಾಟ್ರೈಟಿಸ್ ಹತ್ತಿದ ವೈನ್‌ನಲ್ಲಿ ಒಣ ಜರ್ದಾಳುವಿನದೇ ವಾಸನೆ. ಸಕ್ಕರೆ ಕೈಬಿಗಿದು ಹಾಕಿ, ಮೇಲೆ ಕೆನೆ ಸುರಿದರೆ ಎರಡೂ ಒಂದೇ ಗಿಡದವೆನಿಸುತ್ತವೆ.

ಬಡಿಸುವುದು 8ರಿಂದ 10 ಡಿಗ್ರಿ ತಂಪಿನಲ್ಲಿ, ಒಬ್ಬರಿಗೆ 60 ಮಿಲಿಲೀಟರ್ ಸಾಕು. ಮೇ ತಿಂಗಳ ರಾಯಚೂರಿನಲ್ಲಿ ಬಾಟಲಿಯನ್ನು ಮೇಜಿನ ಮೇಲಿಡದೆ, ಸುರಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ.